ಒಣನೆಲದ ದ್ರಾಕ್ಷಿ, ಮಲೆನಾಡಿನ ನೀರು

ಹೆಬ್ಬಾಳ ಎಂದೊಡನೆ ಹೆಚ್ಚಿನವರಿಗೆ ಬೆಂಗಳೂರಿನ ಹೆಬ್ಬಾಳ ನೆನಪಾಗುತ್ತದೆ. ನಾನು ಇಲ್ಲಿ ಹೇಳಹೊರಟಿರುವುದು ಮೈಸೂರಿನ ಹೆಬ್ಬಾಳದಲ್ಲಿ ನಡೆದ ಒಂದು ಮಾತುಕತೆಯನ್ನು. ಕಾರ್ಖಾನೆಗಳ ಸಾಲು, ಕಂಪ್ಯೂಟರ್ ಸಂಸ್ಥೆಗಳ ಆವರಣ, ಅವುಗಳ ಮಗ್ಗುಲಲ್ಲೇ ಹಬ್ಬಿದ ಬಡಾವಣೆಗಳು, ನಡುವೆ ಒಂದು ಹಳೆಯ ಕೆರೆ: ಇದು ಆ ಹೆಬ್ಬಾಳ. ನಮ್ಮ ಭಾವ ನಿವೃತ್ತರಾದ ಮೇಲೆ ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಊರಿನಲ್ಲಿ, ಅಂದರೆ ನಮ್ಮ ಸಕಲೇಶಪುರದ ಕಡೆ, ಅವರಿಗೆ ಒಂದಿಷ್ಟು ಕಾಫಿ ತೋಟವೂ ಆಳು ಸಿಗದೆ ಐದಾರು ವರ್ಷಗಳಿಂದ ಬೀಳುಬಿದ್ದ ಗದ್ದೆಯೂ ಇವೆ.

ಕಳೆದ ಬೇಸಿಗೆಯ ಒಂದು ಸಂಜೆ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ಭಾವ ಕೇಳಿದರು: "ನೀನು ಬೆಳೆಶಾಸ್ತ್ರ ಓದಿದವನು, ಹೇಳು. ನಂದಿಬೆಟ್ಟದ ಬುಡದಲ್ಲಿ, ಕುಡಿಯುವ ನೀರಿಗೇ ತತ್ವಾರ ಇರುವ ಸೀಮೆಯಲ್ಲಿ, ಫ್ರಾನ್ಸಿನ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ನಮ್ಮಲ್ಲಿ ನೀರಿಗೇನು ಕೊರತೆ? ಗದ್ದೆಗೆ ದ್ರಾಕ್ಷಿ ಹಾಕಿ, ಪಕ್ಕದಲ್ಲಿ ನಾಲ್ಕು ಕೊಠಡಿ ಕಟ್ಟಿದರೆ ಪ್ರವಾಸಿಗಳು ತಾವಾಗಿ ಬರುತ್ತಾರೆ ಎಂದು ಒಬ್ಬರು ಹೇಳುತ್ತಿದ್ದಾರೆ."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಪ್ರಶ್ನೆ ಮುಗ್ಧವಾದುದು. ಆದರೆ ಅದರೊಳಗಿರುವ ತಪ್ಪು ಭಾವನವರೊಬ್ಬರದಲ್ಲ. ನೀರಿದ್ದರೆ ಏನನ್ನಾದರೂ ಬೆಳೆಯಬಹುದು, ನೀರಿಲ್ಲದ ನೆಲ ಎಂದರೆ ಬಡನೆಲ ಎಂಬ ಈ ತಿಳಿವಳಿಕೆ ಸರಕಾರದ ಕಡತಗಳಲ್ಲಿಯೂ ಇದೆ. ಅದೇ ತಿಳಿವಳಿಕೆ ಇಂದು ಸಹ್ಯಾದ್ರಿಯ ಹಳ್ಳಗಳಿಗೆ ಪಂಪು ಇಟ್ಟಿದೆ. ಆದುದರಿಂದ ನಂದಿಯ ಬುಡದ ದ್ರಾಕ್ಷಿತೋಟದ ಕಥೆಯನ್ನು ಮಲೆನಾಡಿನ ನಾವು ಒಮ್ಮೆ ಸರಿಯಾಗಿ ಓದಿಕೊಳ್ಳುವುದು ಒಳಿತು.

ಆ ಪ್ರದೇಶಕ್ಕೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ರೈತರು ತಲೆಮಾರುಗಳಿಂದ ಬೆಂಗಳೂರು ಬ್ಲೂ ಎಂಬ ಕಪ್ಪುದ್ರಾಕ್ಷಿಯನ್ನು ಬೆಳೆಯುತ್ತ ಬಂದಿದ್ದಾರೆ. 2013ರಲ್ಲಿ ಆ ತಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಯುರೋಪಿನ ವೈನ್ ತಳಿಗಳನ್ನು ದೊಡ್ಡಬಳ್ಳಾಪುರದ ಬಳಿ ನೆಟ್ಟು ಉತ್ತಮ ದರ್ಜೆಯ ವೈನ್ ತಯಾರಿಸಬಹುದೆಂದು ಹೊರಟವರು ಕನ್ವಲ್ ಗ್ರೋವರ್. ಫ್ರಾನ್ಸಿನ ಷಾಂಪೇನ್ ಪ್ರಾಂತದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ತಳಿಗಳನ್ನು ಪರೀಕ್ಷಿಸಿ 1988ರಲ್ಲಿ ಅವರು ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. 1990ರ ದಶಕದ ಮಧ್ಯಭಾಗದಿಂದ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೋಲಾನ್ ಸಲಹೆಗಾರರಾದರು. 2012ರಲ್ಲಿ ಈ ಸಂಸ್ಥೆ ನಾಸಿಕದ ಇನ್ನೊಂದು ವೈನ್ ಸಂಸ್ಥೆಯೊಂದಿಗೆ ಕೂಡಿ ಗ್ರೋವರ್ ಜಂಪಾ ಆಯಿತು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ ಅದಕ್ಕೆಂದೇ ಮಂಡಳಿಯನ್ನೂ ರಚಿಸಿದ ವೇಳೆಗೆ ನಂದಿಯ ಬುಡದ ಈ ಪ್ರಯೋಗಕ್ಕೆ ಸುಮಾರು 20 ವರ್ಷ ತುಂಬಿತ್ತು.

ಬೇಸಾಯದ ವಿದ್ಯಾರ್ಥಿಯಾಗಿ ಈ ಪ್ರಯೋಗದಲ್ಲಿ ನನ್ನ ಗಮನ ಸೆಳೆಯುವುದು ಸೀಸೆಯ ಮೇಲಿನ ಹೆಸರಲ್ಲ, ನೆಲದ ಆಯ್ಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಬೆಚ್ಚನೆಯ ಹಗಲು, ತಂಪಾದ ಇರುಳು, ನೀರು ಬಸಿದುಹೋಗುವ ಕೆಂಪುಮಣ್ಣು, ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆ. ಎಲ್ಲಕ್ಕಿಂತ ಮುಖ್ಯವಾಗಿ, ಹಣ್ಣು ಮಾಗುವ ಮಾಘ ಫಾಲ್ಗುಣಗಳಲ್ಲಿ ಮಳೆ ಇಲ್ಲದಿರುವುದು. ಯುರೋಪಿನಲ್ಲಿ ಚಳಿಗಾಲದ ಹಿಮ ಬಳ್ಳಿಯನ್ನು ಮಲಗಿಸುತ್ತದೆ. ನಮ್ಮ ದಖ್ಖನ್ನಿನಲ್ಲಿ ಬಳ್ಳಿ ಮಲಗುವುದೇ ಇಲ್ಲ. ಆದ್ದರಿಂದ ಕತ್ತರಿಯೇ ಋತುವಾಗಬೇಕು. ಏಪ್ರಿಲ್ ಹೊತ್ತಿಗೆ ಒಂದು ಸಲ ಸವರಿ ರೆಂಬೆಯನ್ನು ಬಲಪಡಿಸುವುದು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು ಸಲ ಸವರಿ ಹೂಗೊಂಚಲು ಬರಿಸುವುದು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇದನ್ನೇ ಚಾಟ್ನಿ ಎನ್ನುತ್ತಾರೆ. ಈ ಎರಡು ಚಾಟ್ನಿಗಳ ಲೆಕ್ಕಾಚಾರದ ಮುಖ್ಯ ಉದ್ದೇಶವೊಂದೇ: ಹಣ್ಣು ಒಣಹವೆಯಲ್ಲಿ ಮಾಗಬೇಕು.

ಏಕೆಂದರೆ ವೈನ್ ದ್ರಾಕ್ಷಿಗೆ ಕೊಂಚ ದಾಹವೇ ಲೇಸು. ಬಣ್ಣ ತಿರುಗುವ ಹೊತ್ತಿನಿಂದ ನೀರನ್ನು ಹಿಡಿತದಲ್ಲಿಟ್ಟರೆ ಕಾಯಿ ಚಿಕ್ಕದಾಗುತ್ತದೆ. ಚಿಕ್ಕ ಕಾಯಿಯಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಬಣ್ಣ, ಒಗರು, ಪರಿಮಳಗಳ ಬಹುಪಾಲು ಇರುವುದು ಸಿಪ್ಪೆಯಲ್ಲಿ. ತಿನ್ನುವ ದ್ರಾಕ್ಷಿಯ ಬೆಳೆಗಾರ ನೀರು ಗೊಬ್ಬರಗಳನ್ನು ಉಣಿಸಿ ಕಾಯಿಯನ್ನು ಉಬ್ಬಿಸಿದಷ್ಟೂ ಬೆಲೆ ಪಡೆಯುತ್ತಾನೆ. ವೈನ್ ದ್ರಾಕ್ಷಿಯ ಬೆಳೆಗಾರ ಇಳುವರಿಯನ್ನು ತಾನಾಗಿ ತಗ್ಗಿಸಿ ಬೆಲೆ ಪಡೆಯಬೇಕು. ಹೀಗೆ ಕಡಿಮೆ ನೀರು, ಕಡಿಮೆ ಫಸಲು, ಹೆಚ್ಚು ಮೌಲ್ಯ ಎಂಬ ಸೂತ್ರದ ಮೇಲೆ ನಿಂತ ಬೆಳೆಗಳು ನಮ್ಮಲ್ಲಿ ವಿರಳ. ಬಯಲುಸೀಮೆಯ ಒಣಹವೆಯನ್ನು ಕೊರತೆಯೆಂದು ಕಾಣದೆ ಬಂಡವಾಳವೆಂದು ಕಂಡದ್ದು ಈ ಪ್ರಯೋಗದ ನಿಜವಾದ ಹೆಗ್ಗಳಿಕೆ.

ಇದೇ ಬಳ್ಳಿಯನ್ನು ನಮ್ಮ ಗದ್ದೆಗೆ ತಂದರೆ ಏನಾದೀತು? ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲೆಯ ಮೇಲಿನ ತೇವ ಆರುವುದೇ ಅಪರೂಪ. ಬೂಜುತುಪ್ಪಟ ರೋಗಕ್ಕೂ ಚಿಬ್ಬುರೋಗಕ್ಕೂ ಇದಕ್ಕಿಂತ ಸೊಗಸಾದ ಬೀಡು ಬೇರೊಂದಿಲ್ಲ. ವಾರಕ್ಕೊಮ್ಮೆ ಔಷಧ ಹೊಡೆಯದೆ ಒಂದು ಎಲೆಯೂ ಉಳಿಯದು.

ಇಲ್ಲಿ ಒಂದು ಹಳೆಯ ನಂಟನ್ನು ನೆನೆಯಬೇಕು. ನಮ್ಮ ಅಡಿಕೆ ಬೆಳೆಗಾರರು ಮಳೆಗಾಲದಲ್ಲಿ ಕೊನೆಗಳಿಗೆ ಹೊಡೆಸುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಬೂಜುತುಪ್ಪಟ ರೋಗದಿಂದ ತೋಟಗಳು ನಾಶವಾಗುತ್ತಿದ್ದಾಗ, 1885ರಲ್ಲಿ, ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣದ ಗುಣವನ್ನು ಮಿಲಾರ್ಡೆ ಎಂಬ ವಿಜ್ಞಾನಿ ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಆ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದರು. ನೂರಕ್ಕೂ ಹೆಚ್ಚು ವರ್ಷಗಳಿಂದ ಅದು ನಮ್ಮನ್ನು ಕಾಪಾಡಿದೆ, ನಿಜ. ಆದರೆ ತಾಮ್ರ ಕೊಳೆಯುವ ವಸ್ತುವಲ್ಲ. ಹೊಡೆದದ್ದು ಮಣ್ಣಿನಲ್ಲಿಯೇ ಉಳಿಯುತ್ತದೆ. ಯುರೋಪಿನ ಹಳೆಯ ದ್ರಾಕ್ಷಿತೋಟಗಳ ಮಣ್ಣಿನಲ್ಲಿ ತಾಮ್ರ ಶೇಖರವಾಗಿರುವುದು ಚೆನ್ನಾಗಿ ದಾಖಲಾದ ಸಂಗತಿ. ವರ್ಷಕ್ಕೆ ಎರಡು ಮೂರು ಸಲ ಹೊಡೆಯುವ ನಮ್ಮ ಅಡಿಕೆ ತೋಟಗಳ ಕೆಳಗೆ, ಹಳ್ಳದ ಅಂಚಿನ ಗದ್ದೆಯಲ್ಲಿ, ಬಾರಿಬಾರಿಗೂ ಔಷಧ ಬೇಡುವ ಇನ್ನೊಂದು ಬೆಳೆಯನ್ನು ನೆಟ್ಟರೆ ಆ ವಿಷ ಇಳಿಯುವುದು ಯಾರ ಬಾಯಿಗೆ? ಕೆಳಗಿನ ಊರಿನವರ ಬಾಯಿಗೆ. ಆದುದರಿಂದ ಭಾವನವರ ಪ್ರಶ್ನೆಗೆ ಬೆಳೆಶಾಸ್ತ್ರದ ಉತ್ತರ ಸರಳ: ನಮ್ಮಲ್ಲಿ ನೀರಿದೆ, ಆದ್ದರಿಂದಲೇ ದ್ರಾಕ್ಷಿ ಸಲ್ಲದು.

ಹಾಗೆಂದು ನಂದಿಯ ಬುಡದ ವೈನನ್ನು ನಿಷ್ಕಳಂಕವೆಂದು ಹೊಗಳಲು ನಾನು ಸಿದ್ಧನಿಲ್ಲ. ಬಳ್ಳಿ ಕಡಿಮೆ ಕುಡಿಯುತ್ತದೆ ಎಂದರೆ ಕುಡಿಯುವುದೇ ಇಲ್ಲ ಎಂದಲ್ಲ. ಹನಿ ನೀರಾವರಿಯ ಆ ಹನಿಯೂ ಬಹುಮಟ್ಟಿಗೆ ಕೊಳವೆಬಾವಿಯದು. ಶಾಶ್ವತ ನದಿಯಿಲ್ಲದ ಆ ಜಿಲ್ಲೆಗಳಲ್ಲಿ ಅಂತರ್ಜಲದ ಬಳಕೆ ಮರುಪೂರಣದ ಮಿತಿಯನ್ನು ಎಂದೋ ದಾಟಿದೆ. ಸಾವಿರ ಅಡಿ ಕೊರೆದರೂ ಬರಿ ದೂಳು ಬರುವ ಊರುಗಳಿವೆ. ನಂದಿಯಲ್ಲಿ ಹುಟ್ಟುವ ಅರ್ಕಾವತಿಯ ಗತಿ ಏನಾಗಿದೆ ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ನೀರಿನ ಲೆಕ್ಕವನ್ನು ಹಿಡಿಯಲು ನೆದರ್ಲೆಂಡಿನ ವಿಜ್ಞಾನಿ ಆರ್ಯೆನ್ ಹುಕ್‌ಸ್ಟ್ರಾ 2002ರಲ್ಲಿ 'ನೀರಿನ ಹೆಜ್ಜೆಗುರುತು' ಎಂಬ ಕಲ್ಪನೆಯನ್ನು ಮುಂದಿಟ್ಟರು. ಆ ಲೆಕ್ಕದಂತೆ, ಜಾಗತಿಕ ಸರಾಸರಿಯಲ್ಲಿ, ಒಂದು ಲೋಟ ವೈನ್ ಹಿಂದೆ ಸುಮಾರು 110 ಲೀಟರ್ ನೀರಿದೆ. ನಾವು ಮೂಗು ಮುರಿಯುವ ಮುನ್ನ ಇನ್ನೊಂದು ಅಂಕಿಯನ್ನೂ ನೋಡಬೇಕು: ಒಂದು ಬಟ್ಟಲು ಕಾಫಿಯ ಹಿಂದೆ ಇರುವುದು ಸುಮಾರು 130 ಲೀಟರ್. ಬರಿಯ ಮೊತ್ತವನ್ನು ನೋಡಿದರೆ ಅಪರಾಧಿಗಳು ನಾವೇ! ಆದರೆ ಹುಕ್‌ಸ್ಟ್ರಾ ನೀರಿಗೆ ಬಣ್ಣಗಳನ್ನೂ ಕೊಟ್ಟರು. ಬಿದ್ದಲ್ಲೇ ಮಣ್ಣು ಹಿಡಿದಿಟ್ಟು ಬೇರಿಗೆ ಕೊಡುವ ಮಳೆನೀರು 'ಹಸಿರು'. ಕೆರೆ, ಹೊಳೆ, ಅಂತರ್ಜಲದಿಂದ ಎತ್ತಿದ್ದು 'ನೀಲಿ'. ನೆರಳಿನ ಮರಗಳ ಕೆಳಗಿನ ಕಾಫಿ ಕುಡಿಯುವ ನೀರಿನ ಬಹುಪಾಲು ಹಸಿರು. ಬಯಲುಸೀಮೆಯ ಕೊಳವೆಬಾವಿಯದು ನೀಲಿ, ಅದರಲ್ಲಿಯೂ ಮರಳಿ ತುಂಬಲು ತಲೆಮಾರುಗಳೇ ಬೇಕಾಗುವ ನೀಲಿ. ಒಂದು ಬೆಳೆ ಎಷ್ಟು ನೀರು ಕುಡಿಯಿತು ಎಂಬುದಕ್ಕಿಂತ ಯಾವ ನೀರನ್ನು ಕುಡಿಯಿತು ಎಂಬುದು ಮುಖ್ಯ ಪ್ರಶ್ನೆ.

ಎರಡನೆಯ ಲೆಕ್ಕ ಹೊರಬಿಡುವ ನೀರಿನದು. ವೈನ್ ಮನೆಯಲ್ಲಿ ತೊಟ್ಟಿ, ಕೊಳವೆ, ನೆಲಗಳನ್ನು ತೊಳೆದ ನೀರು ಹುಳಿ, ಸಕ್ಕರೆ, ಯೀಸ್ಟ್ ಗಸಿಗಳಿಂದ ಕೂಡಿರುತ್ತದೆ. ಶುದ್ಧೀಕರಿಸದೆ ಕೆರೆಗೆ ಬಿಟ್ಟರೆ ಅದು ಕೊಳೆಯುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನನ್ನು ಕೊಲ್ಲುತ್ತದೆ. ಭಾವನೊಡನೆ ನಾನು ನಡೆಯುತ್ತಿದ್ದ ಹೆಬ್ಬಾಳ ಕೆರೆಯೇ ಇದಕ್ಕೆ ಪಾಠ. ಸುತ್ತಲಿನ ಚರಂಡಿ ನೀರು, ಕೈಗಾರಿಕಾ ಪ್ರದೇಶದ ಕೊಳೆನೀರು ಸೇರಿ ಅದು ವರ್ಷಾನುಗಟ್ಟಲೆ ನಾರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಗೊಂಡಿದೆ. ಕೆಡಿಸುವುದು ಪುಕ್ಕಟೆ, ಸರಿಪಡಿಸುವುದಕ್ಕೆ ಕೋಟಿ ಕೋಟಿ. ಇದನ್ನು ಹೇಳುವಾಗ ಡಿಸೆಂಬರ್ ಜನವರಿಯಲ್ಲಿ ನಮ್ಮ ತೋಟಗಳ ಪಲ್ಪರ್ ನೀರು ಬತ್ತಿದ ಹಳ್ಳಗಳಿಗೆ ಇಳಿಯುವುದನ್ನೂ ಒಪ್ಪಿಕೊಳ್ಳಬೇಕು. ವೈನಿಗೊಂದು ನ್ಯಾಯ, ಕಾಫಿಗೊಂದು ನ್ಯಾಯ ಆಗದು.

ಮೊದಲಿಗನ ಯಶಸ್ಸಿನ ಹಿಂದೆ ಬರುವ ಜಾತ್ರೆಯೇ ಒಣನೆಲಕ್ಕೆ ಹೆಚ್ಚಿನ ಅಪಾಯ. ಮೆಕ್ಸಿಕೊ ದೇಶದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ, ಪೆಸಿಫಿಕ್ ಕರಾವಳಿಗೆ ಸಮೀಪದ ಗ್ವಾದಲೂಪೆ ಕಣಿವೆ ಮಳೆ ಕಡಿಮೆಯ ಒಣಪ್ರದೇಶ. ಸಮುದ್ರದ ತಂಗಾಳಿಯನ್ನು ನೆಚ್ಚಿ ಅಲ್ಲಿ ದ್ರಾಕ್ಷಿ ನೆಟ್ಟವರು ಹೆಸರು ಗಳಿಸಿದರು. ಹೆಸರಿನ ಹಿಂದೆಯೇ ಹೋಟೆಲು, ಮದುವೆ ಮಂಟಪ, ಸಂಗೀತ ಗೋಷ್ಠಿಗಳು ಬಂದವು. ಅಂತರ್ಜಲ ಕುಸಿಯಿತು. ಕೊನೆಗೆ ತಿಹುವಾನಾ ನಗರದ ಶುದ್ಧೀಕರಿಸಿದ ಕೊಳೆನೀರನ್ನು ಕೊಳವೆಯಲ್ಲಿ ತರುವ ಯೋಜನೆಯ ಮಾತೂ ಎದ್ದಿತು. ನಮಗೆ ಇದು ದೂರದ ಕಥೆಯೆನಿಸದು. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಇಂದು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯುತ್ತಿದೆ. ಕೋರಮಂಗಲ ಚಲ್ಲಘಟ್ಟ ಕಣಿವೆಯದು 2018ರಿಂದ ಕೋಲಾರಕ್ಕೆ.

ಅದೂ ಸಾಲದೆಂದು ನಮ್ಮ ಬಾಗಿಲಿಗೆ ಬಂದದ್ದು ಎತ್ತಿನಹೊಳೆ. 2014ರಲ್ಲಿ ಶಂಕುಸ್ಥಾಪನೆಯಾದಾಗ 12,912 ಕೋಟಿ ರೂಪಾಯಿ ಎಂದಿದ್ದ ಅಂದಾಜು ವೆಚ್ಚ ಈಗ 23,000 ಕೋಟಿಯನ್ನು ಮೀರಿದೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ನೀಡಲಾಯಿತು. ಯೋಜನೆ ಹೇಳುವುದು ಸುಮಾರು 24 ಟಿಎಂಸಿ ನೀರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಹೇಳಿದ್ದು, ಅಲ್ಲಿ ದೊರೆಯುವುದೇ 9.55 ಟಿಎಂಸಿ ಎಂದು.

ಕೋಲಾರ, ಚಿಕ್ಕಬಳ್ಳಾಪುರಗಳ ತಾಯಂದಿರು ಫ್ಲೋರೈಡ್ ನೀರನ್ನು ಮಕ್ಕಳಿಗೆ ಕುಡಿಸುವ ಸಂಕಟವನ್ನು ನಾನು ಕಂಡಿದ್ದೇನೆ. ಅವರ ಬಾಯಿಗೆ ಬೀಳುವ ಕೊಡ ನೀರನ್ನು ತಡೆಯುವ ಮಾತನ್ನು ಈ ಪುಟಗಳಲ್ಲಿ ಯಾರೂ ಆಡಿಲ್ಲ, ಆಡಲಾರರು. ನನ್ನ ಪ್ರಶ್ನೆ ಬೇರೆ. ಬಯಲಿನಲ್ಲಿ ಬೀಳುವ 700 ಮಿಲಿಮೀಟರ್ ಮಳೆಯೇನು ಕಡಿಮೆಯದೇ? ಒಂದು ಎಕರೆಯ ಮೇಲೆ ಅಷ್ಟು ಮಳೆ ಎಂದರೆ ಸುಮಾರು 28 ಲಕ್ಷ ಲೀಟರ್. ಆ ನೀರನ್ನು ಹಿಡಿಯಲೆಂದೇ ಹಿರಿಯರು ಕಟ್ಟಿದ ಸಾವಿರಾರು ಕೆರೆಗಳ ಕಾಲುವೆಗಳನ್ನು ಮುಚ್ಚಿ, ಬೆಟ್ಟದ ಬುಡಗಳನ್ನು ನಿವೇಶನ ಮಾಡಿ, ಬಳಿಕ ಘಟ್ಟದ ಹಳ್ಳಕ್ಕೆ ಕೈಚಾಚುವುದು ನ್ಯಾಯವೇ? ಒಂದು ದ್ರಾಕ್ಷಿತೋಟ ಒಣಹವೆಯಲ್ಲಿಯೇ ಸಿರಿಯನ್ನು ಕಂಡುಕೊಳ್ಳಬಲ್ಲುದಾದರೆ, ರಾಗಿ, ಅವರೆ, ಮಾವು, ಹುಣಿಸೆ, ರೇಷ್ಮೆಗಳ ಆ ನಾಡು ಏಕೆ ಕಂಡುಕೊಳ್ಳಲಾರದು? ನಂದಿಯ ಬಳ್ಳಿ ಕಲಿಸಿದ ಪಾಠವನ್ನು ನಮ್ಮ ಯೋಜನಾಕಾರರು ಕಲಿಯಲಿಲ್ಲ. ವೈನಿನ ಉಬ್ಬಿದ ವ್ಯಾಪಾರವಷ್ಟೇ ಅವರಿಗೆ ಕಂಡಿತು.

ಓದುಗರಲ್ಲಿ ಕೆಲವರು ಕೇಳಬಹುದು: ಹೆಂಡಕ್ಕೆ ಇಷ್ಟೊಂದು ಲೆಕ್ಕವೇಕೆ, ಮದ್ಯವೇ ಬೇಡವೆನ್ನಬಾರದೇ? ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಲೈನುಗಳಲ್ಲಿಯೇ ನೋಡಿರುವ ನಾನು ಆ ಪ್ರಶ್ನೆಯನ್ನು ಹಗುರವಾಗಿ ಕಾಣುವುದಿಲ್ಲ. ವೈನೂ ಮದ್ಯವೇ, ಹಣ್ಣಿನ ರಸವೆಂದು ಹೆಸರಿಟ್ಟ ಮಾತ್ರಕ್ಕೆ ಅದು ಪಾನಕವಾಗದು. ಆದರೆ ನೀತಿ ಜಾರಿಯಲ್ಲಿದೆ, ತೋಟಗಳಿವೆ, ಅವುಗಳನ್ನು ನಂಬಿದ ರೈತರಿದ್ದಾರೆ. ಕಣ್ಣು ಮುಚ್ಚಿದರೆ ಅವರಿಗೂ ನೀರಿಗೂ ನಷ್ಟ. 2001ರಲ್ಲಿ ವೈನ್ ನೀತಿ ತಂದ ಮಹಾರಾಷ್ಟ್ರದಲ್ಲಿ, 2008ರ ಆರ್ಥಿಕ ಕುಸಿತದ ಬಳಿಕ, ವೈನ್ ದ್ರಾಕ್ಷಿಗೆ ಕೊಳ್ಳುವವರಿಲ್ಲದೆ ಎಷ್ಟೋ ರೈತರು ಬಳ್ಳಿ ಕಿತ್ತರು. ವೈನ್ ದ್ರಾಕ್ಷಿಯನ್ನು ಸಂತೆಗೆ ಒಯ್ದು ಮಾರಲಾಗದು. ಸಣ್ಣ ಕಾಯಿ, ತುಂಬ ಬೀಜ, ಒಗರು ಸಿಪ್ಪೆ, ತಿನ್ನುವವರು ಯಾರು? ಖರೀದಿಯ ಒಪ್ಪಂದ ಮುರಿದರೆ ರೈತನಿಗೆ ಬೇರೆ ದಾರಿಯೇ ಇಲ್ಲ.

ಹಾಗಾಗಿ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ವೈನ್ ಹೆಸರಿನಲ್ಲಿ ರಿಯಾಯಿತಿ ಪಡೆಯುವ ಪ್ರತಿ ತೋಟ, ಪ್ರತಿ ಘಟಕದ ಕೊಳವೆಬಾವಿಗೆ ಮೀಟರ್ ಇರಬೇಕು, ಅದರ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು. ಎತ್ತುವಷ್ಟು ನೀರನ್ನು ತನ್ನ ನೆಲದಲ್ಲಿ ಇಂಗಿಸದವರಿಗೆ ರಿಯಾಯಿತಿ ಸಲ್ಲದು. ತೊಳೆದ ನೀರನ್ನು ಶುದ್ಧೀಕರಿಸಿ ತೋಟಕ್ಕೇ ಬಳಸುವುದು ಕಡ್ಡಾಯವಾಗಬೇಕು. ಕಾಫಿ ಪಲ್ಪಿಂಗ್ ಮಾಡುವ ನಮಗೂ ಇದೇ ಕಟ್ಟಳೆ. ರೈತನೊಡನೆ ಖರೀದಿ ಒಪ್ಪಂದ ಬಳ್ಳಿಯ ಆಯುಷ್ಯಕ್ಕೆ ತಕ್ಕಷ್ಟು ದೀರ್ಘವಾಗಿರಬೇಕು. ಎತ್ತಿನಹೊಳೆಯ ನೀರು ಬಯಲಿಗೆ ತಲಪಿದ ದಿನ ಅದು ಕುಡಿಯಲು ಎಷ್ಟು, ಕೆರೆಗೆ ಎಷ್ಟು, ಕೈಗಾರಿಕೆಗೆ ಮತ್ತು ವಿಹಾರಧಾಮಗಳಿಗೆ ಎಷ್ಟು ಎಂಬುದನ್ನು ಪ್ರತಿ ವರ್ಷ ಪ್ರಕಟಿಸಬೇಕು. ಕೊನೆಯದಾಗಿ, ದ್ರಾಕ್ಷಿಯ ನೆಪದಲ್ಲಿ ಮಲೆನಾಡಿನ ಗದ್ದೆಗಳನ್ನು ವಿಹಾರಧಾಮಗಳಾಗಿ ಪರಿವರ್ತಿಸಲು ಅನುಮತಿ ನೀಡಬಾರದು.

ಈ ಕೊನೆಯ ಮಾತನ್ನೇ ನಾನು ಅಂದು ಭಾವನಿಗೆ ಬಿಡಿಸಿ ಹೇಳಿದೆ. "ಭಾವ, ನಿಮ್ಮ ಗದ್ದೆ ಬೀಳಲ್ಲ. ಬದು ಕಟ್ಟಿದ ಆ ತಗ್ಗಿನಲ್ಲಿ ಮಳೆಗಾಲವಿಡೀ ನಿಂತ ನೀರು ನಿಧಾನವಾಗಿ ಇಂಗಿ ಫೆಬ್ರವರಿಯಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಬಳ್ಳಿ ನೆಡಬೇಕಾದರೆ ಮೊದಲು ಆ ಬದು ಒಡೆದು ನೀರು ಬಸಿಯಬೇಕು. ಆಮೇಲೆ ಬೇಸಿಗೆಯಲ್ಲಿ ಅದೇ ಬಳ್ಳಿಗೆ ಹನಿ ಬಿಡಲು ಕೊಳವೆಬಾವಿ ಕೊರೆಯಬೇಕು."

ಭಾವ ಬಹಳ ಹೊತ್ತು ಕೆರೆಯನ್ನೇ ನೋಡುತ್ತಿದ್ದರು. ಬಳಿಕ, "ಹಾಗಾದರೆ ಈ ವರ್ಷ ಬದುವನ್ನಾದರೂ ಸರಿ ಮಾಡಿಸಬೇಕು. ಆಳು ಹುಡುಕಿಕೊಡುತ್ತೀಯಾ?" ಎಂದರು. ಆಳು ಸಿಗುವುದು ಸುಲಭವಲ್ಲವೆಂದು ಇಬ್ಬರಿಗೂ ಗೊತ್ತು. ಗದ್ದೆ ಉಳಿಸಿಕೊಳ್ಳುವವನಿಗೆ, ಅದು ಹಿಡಿದಿಡುವ ನೀರಿಗಾಗಿ, ಸಮಾಜ ಏನು ಕೊಡುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ. ಕೊಳವೆಗೆ 23,000 ಕೋಟಿ ಹುಡುಕಿದ ಸರಕಾರ ಬದುವಿಗೆ ಎಷ್ಟು ಹುಡುಕೀತು? ಮುಂದಿನ ಗ್ರಾಮಸಭೆಯಲ್ಲಿ ನಾವೆಲ್ಲರೂ ಇದನ್ನು ಕೇಳೋಣ.